ಮಗಳಿಗೊಂದು ಪತ್ರ: 'ನಾನು ಕ್ಷೇಮ' ಅಂತಷ್ಟೇ ಬರೆದಿದ್ದೆ

ಪ್ರೀತಿಯ ಪುಟ್ಟಿ,

ಅಟ್ಟದ ಟ್ರಂಕಿನಲ್ಲಿ ನನ್ನ ಹಳೇ ಪತ್ರಗಳು ಸಿಕ್ಕವು ಅಂತ ನೀನು ನಿನ್ನೆ ಫೋನ್ ಮಾಡಿದ್ದೆ. 'ಎಲ್ಲದರಲ್ಲೂ ನಾನು ಕ್ಷೇಮ, ಊಟ ಚೆನ್ನಾಗಿದೆ ಅಂತಷ್ಟೇ ಇದೆಯಲ್ಲಪ್ಪಾ, ಅಲ್ಲಿ ದಿನಾ ಏನು ಮಾಡ್ತಿದ್ರಿ?' ಅಂದೆ. ಅದು 1999ರ ಜೂನ್, ಕಾರ್ಗಿಲ್ ಯುದ್ಧದ ಸಮಯ. ನೀನಾಗ ಎರಡನೇ ಕ್ಲಾಸು. ಅಮ್ಮನಿಗೆ ಬರೆಯಬಾರದ್ದು ಬಹಳ ಇತ್ತು. ಈಗ ಬರೆಯುತ್ತೇನೆ.

ನಮ್ಮ ಪಲ್ಟನ್ ಇದ್ದದ್ದು ದ್ರಾಸ್ ಕಡೆ. ಊರೇ ಸುಮಾರು 10,800 ಅಡಿ ಎತ್ತರ. ಹತ್ತಬೇಕಾದ ಗುಡ್ಡಗಳು ಹದಿನೈದು, ಹದಿನಾರು ಸಾವಿರ ಅಡಿ. ವೈರಿ ಮೇಲೆ, ನಾವು ಕೆಳಗೆ. ಶ್ರೀನಗರದಿಂದ ಲೇಹ್‌ಗೆ ಹೋಗುವ ರಸ್ತೆ ಅವನ ಕಣ್ಣಿಗೆ ಬೀಳುತ್ತಿತ್ತು. ಹಾಗಾಗಿ ಲಾರಿಗಳು ರಾತ್ರಿ ದೀಪ ಆರಿಸಿಕೊಂಡೇ ಬರುತ್ತಿದ್ದವು. ಹಗಲೆಲ್ಲ ಬಂಡೆ ಸಂದಿಯಲ್ಲಿ ಅಲ್ಲಾಡದೆ ಮಲಗಬೇಕು. ಕತ್ತಲಾದ ಮೇಲೆ ಕೆಲಸ. ನಿನಗೆ ಬೆಳದಿಂಗಳು ಇಷ್ಟ ಅಲ್ವಾ? ನಾವು ಮೋಡ ಬರಲಿ ಅಂತ ಬೇಡಿಕೊಳ್ಳುತ್ತಿದ್ದೆವು.

ಯುದ್ಧ ಅಂದರೆ ಗುಂಡು ಹಾರಿಸುವುದು ಅಂದುಕೊಂಡಿರುತ್ತೀಯ. ನಮಗೆ ಜಾಸ್ತಿ ಇದ್ದದ್ದು ಹೊರುವ ಕೆಲಸ. ಹೇಸರಗತ್ತೆ ಒಂದಷ್ಟು ದೂರ ಬರುತ್ತದೆ, ಆಮೇಲೆ ನಮ್ಮ ಬೆನ್ನೇ. ಅಲ್ಲಿನ ಹಳ್ಳಿಯವರೂ ಶೆಲ್ ಬೀಳುತ್ತಿದ್ದಾಗಲೇ ನಮ್ಮ ಜೊತೆ ಹೊತ್ತರು. ಅವರನ್ನು ಯಾರೂ ನೆನೆಯುವುದಿಲ್ಲ, ನನಗೆ ಅದೇ ಬೇಜಾರು. ಚೀಲದಲ್ಲಿ ಜಾಗ ಸಾಲದಿದ್ದರೆ ತಿಂಡಿ ತೆಗೆದು ಗುಂಡು ತುಂಬಿಕೊಳ್ಳುತ್ತಿದ್ದೆವು.

ನೀರಿನದ್ದೇ ದೊಡ್ಡ ಪಾಡು. ಸುತ್ತ ಹಿಮ, ಕುಡಿಯಲು ಹನಿ ಇಲ್ಲ. ಶೆಲ್ ಬಿದ್ದ ಕಡೆ ಹಿಮ ಕಪ್ಪಗಾಗಿರುತ್ತಿತ್ತು, ಮದ್ದಿನ ವಾಸನೆ. ಮೇಲಿನ ಪದರ ಕೆರೆದು, ಒಳಗಿನ ಬಿಳಿಯದನ್ನು ಡಬ್ಬಕ್ಕೆ ತುಂಬಿ, ಸೀಮೆಎಣ್ಣೆ ಸ್ಟೋವಿನ ಮೇಲೆ ಇಡುತ್ತಿದ್ದೆವು. ಡಬ್ಬ ತುಂಬ ಹಿಮ ಕರಗಿದರೆ ತಳದಲ್ಲಿ ನಾಲ್ಕು ಗುಟುಕು ನೀರು. ಅಷ್ಟು ಎತ್ತರದಲ್ಲಿ ನೀರು 85 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದೇ ಇಲ್ಲ. ಕೆಳಗಿನ ಲಂಗರಿನಿಂದ, ಅಂದರೆ ನಮ್ಮ ಪಲ್ಟನ್ನಿನ ಅಡುಗೆಮನೆಯಿಂದ, ಪೂರಿ ಬರುವಷ್ಟರಲ್ಲಿ ಮರದ ಹಲಗೆಯಂತಾಗಿರುತ್ತಿತ್ತು. ಬಗಲಲ್ಲಿ ಇಟ್ಟುಕೊಂಡು ಮೆತ್ತಗೆ ಮಾಡಿ ತಿನ್ನುತ್ತಿದ್ದೆವು. ಒದ್ದೆ ಸಾಕ್ಸ್ ಹೊಟ್ಟೆಗೆ ಒತ್ತಿ ಒಣಗಿಸುತ್ತಿದ್ದೆವು. ಕಾಲು ಕೆಟ್ಟರೆ ಮನುಷ್ಯ ಕೆಟ್ಟ ಹಾಗೆ.

ರೇಷನ್ ಜೊತೆಗೇ ಟಪಾಲೂ ಬರುತ್ತಿತ್ತು. 56 ಎಪಿಒ (ಸೈನ್ಯದ ಅಂಚೆ ಕಚೇರಿ) ಅಂತ ನೀನು ವಕ್ರವಕ್ರವಾಗಿ ಬರೆದ ವಿಳಾಸ ದೂರದಿಂದಲೇ ಗುರುತು ಸಿಗುತ್ತಿತ್ತು. ಪತ್ರ ಬಾರದವರಿಗೂ ಓದಿ ಹೇಳುತ್ತಿದ್ದೆ. ಕನ್ನಡ ಬಾರದವರಿಗೆ ಹಿಂದಿಯಲ್ಲಿ. ನಮ್ಮ ಎಮ್ಮೆ ಕರು ಹಾಕಿದ ಸುದ್ದಿ ಇಡೀ ಸೆಕ್ಷನ್ನಿಗೆ, ಅಂದರೆ ನಮ್ಮ ಸಣ್ಣ ತುಕಡಿಗೆ, ಗೊತ್ತಿತ್ತು.

ಆ ಕಟ್ಟಿನಲ್ಲಿ ಒಂದು ಪತ್ರದ ಅಂಚಿಗೆ ಸ್ಟೋವಿನ ಮಸಿ ಹತ್ತಿದೆ, ನೋಡು. ಅದರ ಮೇಲಿನ ವಿಳಾಸ ನನ್ನ ಕೈಬರಹ ಅಲ್ಲ. ಅವತ್ತು ನನ್ನ ಬೆರಳು ಮರಗಟ್ಟಿತ್ತು. ಗದಗ ಕಡೆಯ ಹುಡುಗನೊಬ್ಬ ಪಕ್ಕದಲ್ಲಿದ್ದ. 'ಕೊಡ್ರಿ ಅಣ್ಣಾ, ನಾ ಬರೀತೀನಿ' ಅಂದ. ಅಕ್ಷರ ಬಹಳ ಚೆಂದ. ಆರು ದಿನದ ಮೇಲೆ ಅವನನ್ನು ನಾವೇ ನಾಲ್ಕು ಜನ ಕೆಳಗೆ ಹೊತ್ತು ತಂದೆವು.

ಆ ಪತ್ರ ಬೇರೆ ತೆಗೆದಿಡು ಮಗಳೇ. ಅವನ ತಾಯಿ ಇನ್ನೂ ಇದ್ದಾರೆ. ಮುಂದಿನ ತಿಂಗಳು ಬಂದಾಗ ನೀನೇ ಕಾರು ಓಡಿಸು, ಇಬ್ಬರೂ ಹೋಗಿ ತೋರಿಸಿಕೊಂಡು ಬರೋಣ.

ನಿನ್ನ ಅಪ್ಪ