ಮನೋರೋಗ ವಾರ್ಡಿಗೆ ಹೊರಟ ಸಹನಾಳಿಗೆ

ಚಿ|| ಸಹನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನಗೆ ನರ್ಸಾಗಿ ಮನೋರೋಗ ವಾರ್ಡಿಗೆ ಪೋಸ್ಟಿಂಗ್ ಆಗಿದೆಯೆಂದು ತಿಳಿಯಿತು. ನಿನ್ನಮ್ಮ ಇನ್ನೂ ಅದನ್ನು ಹುಚ್ಚಾಸ್ಪತ್ರೆ ಅಂತಲೇ ಕರೆಯುತ್ತಾಳೆ, ಅವಳಿಗೆ ಕಣ್ಣಮುಂದೆ ಬರುವುದು ಎತ್ತರದ ಗೋಡೆ, ಸರಪಳಿ, ಬೋಳಿಸಿದ ತಲೆ. ಅದಕ್ಕೆ ಅವಳನ್ನು ಬೈಯಬೇಡ. ಹಿಂದೆ ಅದೆಲ್ಲ ನಿಜವಾಗಿ ಇದ್ದದ್ದೇ. ಈಗ ಏನು ಬದಲಾಗಿದೆ, ಯಾವುದು ಹಿಂಬಾಗಿಲಿಂದ ವಾಪಸು ಬರುತ್ತದೆ ಅನ್ನುವುದು ನಿನಗೆ ಗೊತ್ತಿರಲಿ ಅಂತ ಈ ಪತ್ರ.

ಹೆಸರು ಬದಲಾದದ್ದು ಬಹಳ ಹಿಂದೆ. ಬೆಂಗಳೂರಿನ ಲ್ಯುನಾಟಿಕ್ ಅಸೈಲಮ್ಮನ್ನು ಮೈಸೂರು ಸರ್ಕಾರ 1925ರಲ್ಲೇ ಮೆಂಟಲ್ ಹಾಸ್ಪಿಟಲ್ ಎಂದು ಕರೆಯಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಹಳೆಯ ಕಾಲದ ನೌಕರರೆಲ್ಲ ಕಟುಕರೇನಲ್ಲ. ಅವರ ಕೈಯಲ್ಲಿ ಮದ್ದೇ ಇರಲಿಲ್ಲ. ಪ್ಯಾರಿಸ್ಸಿನಲ್ಲಿ 1952ರಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಮನೋರೋಗದ ಮದ್ದು ಬಳಕೆಗೆ ಬರುವ ತನಕ ಬ್ರೋಮೈಡು, ಪ್ಯಾರಾಲ್ಡಿಹೈಡು ಕುಡಿಸಿ ಮಲಗಿಸುತ್ತಿದ್ದರು. ಅದಕ್ಕೂ ಬಗ್ಗದವರಿಗೆ ಬೀಗ. ಆದರೆ ಮದ್ದು ಬಂದ ಕೂಡಲೇ ಸರಪಳಿ ಕಳಚಿತು ಅಂದುಕೊಳ್ಳಬೇಡ. ಅದಾಗಿ ಸುಮಾರು ಐವತ್ತು ವರ್ಷಕ್ಕೆ, 2001ರ ಆಗಸ್ಟ್ 6ರಂದು, ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿಕೊಂಡಿದ್ದ ಖಾಸಗಿ ಆಶ್ರಮದ ಚಪ್ಪರಕ್ಕೆ ಬೆಂಕಿ ಬಿದ್ದಾಗ ಕಟ್ಟಿಹಾಕಿದ್ದ ರೋಗಿಗಳು ಓಡಲಾರದೆ ಸತ್ತರು. ಒಟ್ಟು 28 ಜನ.

ನನ್ನ ಲೆಕ್ಕದಲ್ಲಿ ದೊಡ್ಡ ಬದಲಾವಣೆ ಬಂದದ್ದು ಕೇಸ್ ಶೀಟಿನಲ್ಲಿ. ಬ್ರಿಟಿಷರ 1912ರ ಕಾಯಿದೆಯಲ್ಲಿ ಒಳಗೆ ಸೇರಿಸುತ್ತಿದ್ದದ್ದು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ, ಹೊರಗೆ ಕಳಿಸುವ ದಿನ ಅದರಲ್ಲಿ ಇರುತ್ತಿರಲಿಲ್ಲ. ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿ ಒಳಗಿರಿಸಲು ಕಾರಣವೂ ಬೇಕು, ದಿನದ ಮಿತಿಯೂ ಇದೆ. ತಾನಾಗಿ ಬಂದವರು 86ನೇ ಸೆಕ್ಷನ್ನಿನವರು, ಹೋಗುತ್ತೇನೆ ಅಂದರೆ ಬಿಡಬೇಕು. ಅಪಾಯ ಕಂಡರೆ ವೈದ್ಯರು ತಡೆಯಬಹುದಾದದ್ದು 24 ಗಂಟೆ, ಅದೂ ಪರೀಕ್ಷೆ ಮಾಡಿ ನೋಡುವುದಕ್ಕೆ. ತನ್ನ ಬಗ್ಗೆ ತೀರ್ಮಾನ ಮಾಡಲಾಗದ ಸ್ಥಿತಿಯವರನ್ನು 89ರಲ್ಲಿ ಸೇರಿಸುತ್ತಾರೆ. ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು, ಅವರಲ್ಲೊಬ್ಬರು ಮನೋವೈದ್ಯರೇ ಆಗಿರಬೇಕು. ಮಿತಿ 30 ದಿನ. ಮುಂದುವರಿಸುವುದಾದರೆ 90ನೇ ಸೆಕ್ಷನ್ನಿನಲ್ಲಿ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಒಪ್ಪಿಗೆಯೊಂದಿಗೆ ಮೊದಲು 90 ದಿನ, ಆಮೇಲೆ 120, ಆಮೇಲೆ 180. 89ರ ದಾಖಲಾತಿ ಆದರೆ ಮಂಡಳಿಗೆ 7 ದಿನದೊಳಗೆ ತಿಳಿಸಬೇಕು, ಹೆಂಗಸರಾದರೆ 3 ದಿನ. ಇದೆಲ್ಲ ಡಾಕ್ಟರ ಕೆಲಸ ಅನ್ನಬೇಡ. ಡ್ಯೂಟಿಗೆ ಹೋದ ಕೂಡಲೇ ಪ್ರತಿ ಶೀಟಿನಲ್ಲೂ ಯಾವ ಸೆಕ್ಷನ್, ಗಡುವು ಯಾವ ದಿನ, ನಾಮನಿರ್ದೇಶಿತ ಪ್ರತಿನಿಧಿ (ರೋಗಿಯ ಪರವಾಗಿ ನಿಲ್ಲುವವರು) ಯಾರು ಎಂದು ನೋಡಿಕೋ. ಗಡುವು ಮುಗಿದದ್ದು ಯಾರ ಗಮನಕ್ಕೂ ಬಾರದೆ ಹೋದರೆ ಆ ರೋಗಿಯ ಪಾಲಿಗೆ ಅದು 1912ನೇ ಇಸವಿ.

ಇನ್ನು ಕಟ್ಟುವ ವಿಚಾರ. ಇದನ್ನು ನಿಧಾನವಾಗಿ ಓದು. ಸರಪಳಿ ಯಾವ ರೂಪದಲ್ಲೂ ಕೂಡದು, ಒಂಟಿ ಕೋಣೆಯಲ್ಲಿ ಕೂಡಿಹಾಕುವುದೂ ಕೂಡದು. ಬಟ್ಟೆಯ ಪಟ್ಟಿಯಿಂದ ಕಟ್ಟುವುದಕ್ಕೆ ಅವಕಾಶ ಇರುವುದು, ಆ ಕ್ಷಣಕ್ಕೆ ಪೆಟ್ಟು ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಮನೋವೈದ್ಯರ ಒಪ್ಪಿಗೆ ಇದ್ದರೆ. ಶಿಕ್ಷೆಗೆಂದು ಕಟ್ಟುವಂತಿಲ್ಲ, ರಾತ್ರಿ ಡ್ಯೂಟಿಗೆ ಜನ ಕಡಿಮೆ ಎಂದೂ ಕಟ್ಟುವಂತಿಲ್ಲ. ಕಾಯಿದೆ ಈ ಎರಡನ್ನೂ ಹೆಸರಿಟ್ಟು ಹೇಳಿದೆ.

ಕಟ್ಟುವ ಹಂತಕ್ಕೆ ಹೋಗುವ ಮೊದಲು ಮಾತು. ಒಬ್ಬರೇ ಮಾತಾಡಿ, ಉಳಿದವರು ಬಾಯಿ ಬಿಡಬಾರದು. ಎರಡು ತೋಳಿನಷ್ಟು ದೂರ ನಿಲ್ಲು. ರೋಗಿಗೂ ಬಾಗಿಲಿಗೂ ನಡುವೆ ನಿಲ್ಲಬೇಡ, ನಿನ್ನ ಕೈ ಅವನಿಗೆ ಕಾಣುವಂತಿರಲಿ. ಸುತ್ತ ನೆರೆದ ಅಟೆಂಡರುಗಳನ್ನು (ರೋಗಿಗಳ ಜೊತೆಗಿರುವ ಮನೆಯವರನ್ನು) ಮೊದಲು ಆಚೆ ಕಳಿಸು, ನೋಡುವ ಕಣ್ಣು ಹೆಚ್ಚಿದಷ್ಟೂ ರೋಗಿಗೆ ಹಿಂದೆ ಸರಿಯಲು ಮಾನ ಅಡ್ಡ ಬರುತ್ತದೆ. ಹಸಿವು, ನೋವು, ಮೂತ್ರ ಕಟ್ಟಿರುವುದು, ಮನೆಗೆ ಫೋನ್ ಮಾಡಲು ಬಿಡದಿರುವುದು, ಇವನ್ನೊಮ್ಮೆ ಕೇಳು. ಅರ್ಧ ಗಲಾಟೆ ಅಲ್ಲೇ ಇಳಿಯುತ್ತದೆ.

ಕಟ್ಟಲೇಬೇಕಾದರೆ ಐದು ಜನ ಬೇಕು: ಕೈಕಾಲಿಗೆ ಒಬ್ಬೊಬ್ಬರು, ತಲೆಯ ಹತ್ತಿರ ಒಬ್ಬರು. ತಲೆಯ ಬಳಿ ಇರುವವರೇ ಮಾತಾಡುತ್ತ, ಉಸಿರು ನೋಡುತ್ತಿರಬೇಕು. ಎಂದೂ ಬೋರಲು ಮಲಗಿಸಬೇಡ, ಬೆನ್ನ ಮೇಲೆ ಮೊಣಕಾಲು ಊರಲು ಯಾರನ್ನೂ ಬಿಡಬೇಡ. ಎದೆ ಅದುಮಿ ಉಸಿರು ನಿಲ್ಲುವುದು ಹೀಗೆಯೇ. ಪಟ್ಟಿಯನ್ನು ಮಂಚದ ಚೌಕಟ್ಟಿಗೆ ಕಟ್ಟು, ಮೇಲೆ ಕೆಳಗೆ ಮಾಡುವ ಪಕ್ಕದ ಕಂಬಿಗೆ ಬೇಡ. ಪಟ್ಟಿಯ ಅಡಿ ಎರಡು ಬೆರಳು ಆಡಬೇಕು. ತಲೆದಿಂಬು ತುಸು ಎತ್ತರವಿರಲಿ. 15 ನಿಮಿಷಕ್ಕೊಮ್ಮೆ ಬೆರಳ ಬಣ್ಣ, ಬಿಸಿ, ನಾಡಿ, ಉಸಿರು ನೋಡು. ನೀರು ಕೊಡು, ಬೆಡ್‌ಪ್ಯಾನ್ ಕೊಡು, ಸರದಿಯಂತೆ ಒಂದೊಂದು ಕೈಕಾಲು ಬಿಚ್ಚಿ ಆಡಿಸು. ಕಟ್ಟಿದ ಹೊತ್ತು, ಬಿಚ್ಚಿದ ಹೊತ್ತು, ಕಾರಣ ಮೂರನ್ನೂ ಬರೆ. ಪ್ರತಿನಿಧಿಗೆ 24 ಗಂಟೆಯೊಳಗೆ ಗೊತ್ತಾಗಬೇಕು. ಕಾರಣದ ಜಾಗದಲ್ಲಿ ‘ಉದ್ರೇಕ’ ಎಂದಷ್ಟೇ ಬರೆದರೆ ಬರೆಯದಂತೆಯೇ. ಏನು ಮಾಡಿದ, ಯಾರ ಮೇಲೆ ಏರಿಹೋದ, ಬರೆ.

ಸೂಜಿಯೂ ಒಂದು ಬಗೆಯ ಹಗ್ಗ ಆಗಬಲ್ಲದು. ಉದ್ರೇಕ ಇಳಿಸುವ ಹ್ಯಾಲೊಪೆರಿಡಾಲ್ ಜೊತೆ ಪ್ರೊಮೆಥಜಿನ್ ಬರೆದಿದ್ದರೆ ಪ್ರೊಮೆಥಜಿನ್ ನಿದ್ದೆಗಷ್ಟೇ ಎಂದುಕೊಳ್ಳಬೇಡ, ಹ್ಯಾಲೊಪೆರಿಡಾಲಿನಿಂದ ಕತ್ತು ತಿರುಚಿ ಕಣ್ಣುಗುಡ್ಡೆ ಮೇಲೆ ಹೋಗುವುದನ್ನೂ ಅದು ತಡೆಯುತ್ತದೆ. ಒಂದು ಮಾತ್ರ ಮರೆಯಬೇಡ. ಮದ್ದು ಶುರುವಾದ ಕೆಲವು ದಿನಕ್ಕೆ ರೋಗಿ ಕೂತಲ್ಲಿ ಕೂರಲಾಗದೆ, ನಿಂತಲ್ಲೇ ಕಾಲು ತುಳಿಯುತ್ತ, ಒಳಗೇನೋ ಎಳೆದಂತಾಗುತ್ತದೆ ಎಂದು ಗೋಳಾಡಿದರೆ ಅದು ಅಕಥಿಸಿಯಾ, ಮದ್ದಿನದೇ ತೊಂದರೆ. ಅದನ್ನು ಕಾಯಿಲೆ ಜೋರಾಯಿತೆಂದು ವರದಿ ಮಾಡಿದರೆ ಡೋಸ್ ಏರುತ್ತದೆ, ಸಂಕಟವೂ ಏರುತ್ತದೆ. ಜ್ವರ ಮತ್ತು ಮೈ ಬಿಗಿದು ಸೆಟೆಯುವುದು ಜೊತೆಗೆ ಬಂದರೆ ಬೆಳಗಿನ ರೌಂಡ್ಸಿಗೆ ಕಾಯದೆ ಆಗಲೇ ಕರೆ ಮಾಡು. ಲಿಥಿಯಂ ತೆಗೆದುಕೊಳ್ಳುವವರಿಗೆ ಭೇದಿಯಾಗಿ ಕೈ ನಡುಗಿ ಮಾತು ತೊದಲಿದರೆ ಮುಂದಿನ ಡೋಸ್ ಕೊಡುವ ಮುಂಚೆಯೇ ಕರೆ ಮಾಡು. ರಕ್ತದಲ್ಲಿ ಲಿಥಿಯಂ ಮಟ್ಟ ನೋಡಲು ಕೊನೆಯ ಡೋಸಿನಿಂದ 12 ಗಂಟೆಗೆ ರಕ್ತ ತೆಗೆಯಬೇಕು, ಬೆಳಗಿನ ಮಾತ್ರೆ ನುಂಗಿದ ಮೇಲೆ ತೆಗೆದದ್ದು ಸುಳ್ಳು ಲೆಕ್ಕ. ಕ್ಲೊಜಪಿನ್ ಎಂಬ ಮದ್ದು ಮಲಬದ್ಧತೆ ತರುತ್ತದೆ, ಅದನ್ನು ತೆಗೆದುಕೊಳ್ಳುವವರ ಮಲವಿಸರ್ಜನೆ ದಿನಾ ಕೇಳು. ನಾಚಿಕೆಯ ವಿಷಯವೆಂದು ಬಿಟ್ಟರೆ ಕರುಳೇ ನಿಂತುಹೋದೀತು.

ಕರೆಂಟ್ ಕೊಡುವುದನ್ನು (ಇಸಿಟಿ ಚಿಕಿತ್ಸೆ) ಕಂಡರೆ ಮನೆಯವರಿಗೆ ಜೀವ ಬಾಯಿಗೆ ಬರುತ್ತದೆ. 1938ರಲ್ಲಿ ರೋಮ್‌ನಲ್ಲಿ ಶುರುವಾದಾಗ ಅರಿವಳಿಕೆ ಇಲ್ಲದೆ ಕೊಡುತ್ತಿದ್ದರು, ಸೆಳವಿನ ರಭಸಕ್ಕೆ ಬೆನ್ನೆಲುಬೇ ಮುರಿದದ್ದುಂಟು. ಅರಿವಳಿಕೆ, ಸ್ನಾಯು ಸಡಿಲಿಸುವ ಮದ್ದು ಎರಡೂ ಇಲ್ಲದೆ ಕೊಡುವುದು ಈಗ ಕಾಯಿದೆಗೆ ವಿರುದ್ಧ. ನಿನ್ನ ಪಾಲಿನ ಕೆಲಸ: ಕನಿಷ್ಠ 6 ಗಂಟೆ ಊಟವಿಲ್ಲದಿರುವುದು, ಕಟ್ಟಿಸಿದ ಹಲ್ಲು, ಹೇರ್‌ಪಿನ್ ತೆಗೆಸುವುದು, ಮೂತ್ರ ಮಾಡಿಸುವುದು, ಒಪ್ಪಿಗೆ ಪತ್ರ ನೋಡುವುದು. ಹಸಿದ ಕಂದನಿಗೆ ಎಂದು ತಾಯಂದಿರು ಕದ್ದು ಬಿಸ್ಕತ್ತು ತಿನ್ನಿಸುತ್ತಾರೆ. ಅರಿವಳಿಕೆಯಲ್ಲಿ ಅದು ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ಹಿಂದಿನ ರಾತ್ರಿಯೇ ಬಿಡಿಸಿ ಹೇಳು. ಮುಗಿದ ಮೇಲೆ ಒಂದು ಮಗ್ಗುಲಿಗೆ ಮಲಗಿಸು. ಎಚ್ಚರಾದಾಗ ಹೆಸರು, ಜಾಗ, ವಾರ ಹೇಳು. ಚೆನ್ನಾಗಿ ನುಂಗುತ್ತಾರೆಂದು ಖಾತ್ರಿಯಾಗದೆ ಕಾಫಿ ಕೊಡಬೇಡ.

ಇನ್ನು ಜೀವದ ಕಾವಲು. ಹಳೆಯ ಕಟ್ಟಡವನ್ನು ಓಡಿಹೋಗದಂತೆ ಕಟ್ಟಿದ್ದರು. ಈಗಿನ ವಾರ್ಡಿನಲ್ಲಿ ಬಚ್ಚಲ ಚಿಲಕ ಹೊರಗಿನಿಂದಲೂ ತೆಗೆಯುವಂತಿರಬೇಕು, ಕನ್ನಡಿ ಒಡೆಯದಂತಿರಬೇಕು. ಬ್ಲೇಡು, ಬೆಲ್ಟು, ಚಾರ್ಜರ್ ವೈರು ಲಾಕರಿನಲ್ಲಿರಲಿ, ಅಟೆಂಡರ ಚೀಲವನ್ನೂ ಮರ್ಯಾದೆಯಿಂದ ನೋಡು. 15 ನಿಮಿಷಕ್ಕೊಮ್ಮೆ ನೋಡು ಎಂದು ಬರೆದಿದ್ದರೆ ಗಡಿಯಾರದಂತೆ ಹೋಗಬೇಡ, ಒಮ್ಮೆ ಹತ್ತಕ್ಕೆ, ಒಮ್ಮೆ ಏಳಕ್ಕೆ ಹೋಗು. ಹ್ಯಾಂಡೋವರ್ ಹೊತ್ತಿನಲ್ಲಿ ಎಲ್ಲರೂ ಮೇಜಿನ ಸುತ್ತ ಸೇರುತ್ತಾರೆ, ಒಬ್ಬರಾದರೂ ವಾರ್ಡಿನೊಳಗೇ ಇರಬೇಕು. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳು. ಕೇಳಿದರೆ ಯೋಚನೆ ಹುಟ್ಟುವುದಿಲ್ಲ.

ಚಿಕ್ಕ ವಿಷಯಗಳಲ್ಲೂ ಹಳೆಯದು ನುಸುಳುತ್ತದೆ. ಹೇನೆಂದು ತಲೆ ಬೋಳಿಸುವಂತಿಲ್ಲ. 1% ಪರ್ಮೆಥ್ರಿನ್ ಹತ್ತು ನಿಮಿಷ ಹಚ್ಚಿ ತೊಳೆದು ಸೀರಣಿಗೆಯಲ್ಲಿ ಬಾಚು, ವಾರ ಕಳೆದು ಮತ್ತೊಮ್ಮೆ. ತಮ್ಮ ಬಟ್ಟೆ ತೊಡುತ್ತೇನೆಂದರೆ ತೊಡಲಿ. ಬಕೆಟ್ ಎತ್ತಿಸುವುದು, ವಾರ್ಡು ಗುಡಿಸಿಸುವುದು ಬಿಟ್ಟಿಯಾಗಿ ಬೇಡ.

ಮನೆಯವರ ವಿಚಾರ ಒಂದಿದೆ. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಮನೆಮಂದಿಯನ್ನು ಆಸ್ಪತ್ರೆಯ ಅಂಗಳದ ಡೇರೆಗಳಲ್ಲಿ ರೋಗಿಯ ಜೊತೆ ಇರಿಸಿಕೊಂಡರು. ನಮ್ಮ ವಾರ್ಡುಗಳ ಮಂಚದ ಪಕ್ಕ ಅಮ್ಮನೋ ತಮ್ಮನೋ ಕೂತಿರುವುದು ಆ ದಾರಿಯಲ್ಲೇ. ಆದರೆ ಅವರನ್ನು ಕಾವಲುಗಾರರನ್ನಾಗಿ ಮಾಡಬೇಡ, ದಿನಕ್ಕೆ ಎರಡು ಗಂಟೆ ಆಚೆ ಕಳಿಸು. ಸಾರಿನಲ್ಲಿ ಮಾತ್ರೆ ಬೆರೆಸುವ ಅಭ್ಯಾಸವಿದ್ದರೆ ಗದರಿಸದೆ ಡಾಕ್ಟರಿಗೆ ತಿಳಿಸು.

ಡಿಸ್ಚಾರ್ಜಿನ ಮಾತನ್ನು ದಾಖಲಾದ ವಾರವೇ ತೆಗೆ. ಮನೆಗೆ ಹೋದ ಮೊದಲ ವಾರ ಬಹಳ ಅಪಾಯದ್ದು. ಮಾತ್ರೆಯ ಹೆಸರು, ಹೊತ್ತು, ಮತ್ತೆ ತೋರಿಸುವ ದಿನಾಂಕ, ಕಾಯಿಲೆ ಮರಳುವಾಗ ಆ ವ್ಯಕ್ತಿಯಲ್ಲಿ ಮೊದಲು ಕಾಣುವ ಲಕ್ಷಣ (ನಿದ್ದೆ ಕೆಡುವುದೋ, ಊಟ ಬಿಡುವುದೋ), ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆ, ಇಷ್ಟನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕೊಡು. ಕೊಟ್ಟ ಮೇಲೆ ಅವರಿಂದಲೇ ಒಮ್ಮೆ ಓದಿಸು, ಓದು ಬಾರದವರಿಗೆ ಮಾತ್ರೆಯ ಪಟ್ಟಿಯ ಮೇಲೆ ಸೂರ್ಯ, ಚಂದ್ರ ಗುರುತು ಹಾಕು.

ಇತಿ,
ನಿನ್ನ ದೊಡ್ಡಮ್ಮ