ನೀವು ನೋಡದೆ ಬರೆದ ಸಾಲುಗಳು

ಪ್ರೀತಿಯ ಗೆಳತಿ,

ನಿಮ್ಮ ಲಕೋಟೆ ಸೋಮವಾರ ಕೈಸೇರಿತು. ಓದುಗರ 23 ಪ್ರತಿಕ್ರಿಯೆಗಳನ್ನು ಜೋಡಿಸಿ, ಪಿನ್ ಹೊಡೆದು ಕಳಿಸಿದ್ದೀರಿ. ಮೇಲೊಂದು ಚೀಟಿ: ‘ಇದರಲ್ಲಿ ಯಾರ ಮಾತು ಕೇಳಲಿ, ಯಾರದ್ದು ಬಿಡಲಿ?’

ಮೊದಲ ಕಾದಂಬರಿ ಅಂದರೆ ಹಾಗೇ. ಅದರ ಬಗ್ಗೆ ಯಾರೋ ಅಂದ ಒಂದು ಮಾತು ರಾತ್ರಿಯಿಡೀ ನಿದ್ದೆ ಕೆಡಿಸುತ್ತದೆ. ನಾನು ಮೊದಲು ನಿಮ್ಮ ಕಾದಂಬರಿಯನ್ನೇ ಇನ್ನೊಮ್ಮೆ ಓದಿದೆ, ಎರಡು ರಾತ್ರಿ. ಆಮೇಲೆ ಈ ಕಟ್ಟು ಬಿಚ್ಚಿದೆ. ಹದಿಹರೆಯದವರಿಗಾಗಿ ಕನ್ನಡದಲ್ಲಿ ಮಂತ್ರ, ಮಾಯೆಯ ಕತೆ ಬರೆಯುವವರು ತುಂಬಾ ಕಡಿಮೆ. ಅದಕ್ಕೇ ನಿಮಗೆ ಸುಮ್ನೆ ಎರಡು ಸಾಲು ಬರೆದು ಕಳಿಸಲು ಮನಸ್ಸು ಬರಲಿಲ್ಲ.

‘ಸೂಪರ್’, ‘ಒಂದೇ ಉಸಿರಿಗೆ ಓದಿದೆ’, ‘ಎರಡನೇ ಭಾಗ ಯಾವಾಗ?’ ಎಂದವರು ಹತ್ತು ಮಂದಿ. ಖುಷಿಪಡಿ. ಚೆನ್ನಾಗಿರುವ ಒಂದು ಡಬ್ಬಿಯಲ್ಲಿ ಎತ್ತಿಡಿ. ಬರೆಯಲಾಗದ ದಿನ ತೆಗೆದು ಓದಲಿಕ್ಕೆ ಬೇಕಾಗುತ್ತದೆ.

‘ಹ್ಯಾರಿ ಪಾಟರ್ ತರಾನೇ ಇದೆ’ ಎಂದವರು ಆರು ಮಂದಿ. ಆ ಸಾಲುಗಳ ಕೆಳಗೆ ನೀವು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೀರಿ. ಚುಚ್ಚಿದೆ, ಅಲ್ವಾ? ಮಾಂತ್ರಿಕರ ಶಾಲೆ ಯಾರೊಬ್ಬರ ಆಸ್ತಿಯೂ ಅಲ್ಲ. ಹ್ಯಾರಿಯ ಮೊದಲ ಪುಸ್ತಕ ಬಂದದ್ದು 1997ರಲ್ಲಿ. ಅದಕ್ಕೂ 29 ವರ್ಷ ಮೊದಲೇ, 1968ರಲ್ಲಿ, ಅಮೆರಿಕದ ಉರ್ಸುಲಾ ಲೆ ಗ್ವಿನ್ ಹುಡುಗನೊಬ್ಬನನ್ನು ರೋಕ್ ಎಂಬ ದ್ವೀಪದ ಮಾಂತ್ರಿಕರ ಶಾಲೆಗೆ ಸೇರಿಸಿದ್ದರು. ಓದುಗರು ತಮಗೆ ಗೊತ್ತಿರುವ ಪುಸ್ತಕದ ಪಕ್ಕ ನಿಮ್ಮ ಪುಸ್ತಕವನ್ನು ಇಟ್ಟು ನೋಡುತ್ತಾರೆ. ಅದು ಆರೋಪ ಅಲ್ಲ.

ಆದರೆ ಆ ಆರು ಜನರಲ್ಲಿ ಒಬ್ಬರು ಪುಟದ ಸಂಖ್ಯೆ ಕೊಟ್ಟಿದ್ದಾರೆ. ತೀರ್ಥಹಳ್ಳಿ ಕಡೆಯ ಓದುಗರು. ‘ಪುಟ 41ರಲ್ಲಿ ಗೂಬೆ ಬಂದು ಕಿಟಕಿಯಲ್ಲಿ ಕೂರುತ್ತದೆ, ಹುಡುಗಿ ಅದರ ತಲೆ ಸವರುತ್ತಾಳೆ, ಅಜ್ಜಿ ನೋಡಿ ನಗುತ್ತಾರೆ. ನಮ್ಮಜ್ಜಿ ಆಗಿದ್ದರೆ ಪೊರಕೆ ತಗೊಂಡು ಓಡಿಸುತ್ತಿದ್ದರು’ ಎಂದು ಬರೆದಿದ್ದಾರೆ. ನಾನು ಪುಟ 41 ತೆಗೆದು ನೋಡಿದೆ. ಅವರು ಹೇಳಿದ್ದು ನಿಜ. ಮಲೆನಾಡಿನ ಮನೆ, ಮಳೆಗಾಲದ ರಾತ್ರಿ, ಕಿಟಕಿಯಲ್ಲಿ ಗೂಬೆ. ಅಜ್ಜಿ ‘ಅಪಶಕುನ’ ಅನ್ನಲೂ ಇಲ್ಲ. ಈ ಗೂಬೆ ನಿಮ್ಮೂರಿನ ಮರದಿಂದ ಹಾರಿ ಬಂದಿಲ್ಲ. ನೀವು ಚಿಕ್ಕಂದಿನಲ್ಲಿ ಓದಿದ ಪುಸ್ತಕದಿಂದ ಎದ್ದು ಬಂದು ಕೂತಿದೆ. ನೀವು ಅದನ್ನು ಬರೆದಿರಿ, ನೋಡಲಿಲ್ಲ.

ಒಂಬತ್ತನೇ ಅಧ್ಯಾಯ ನೋಡಿ. ಕಳೆದುಹೋದ ಸರವನ್ನು ಹುಡುಕಲು ಅಂಜನ ಹಾಕುತ್ತಾರೆ. ವೀಳ್ಯದೆಲೆಗೆ ಕಪ್ಪು ಹಚ್ಚಿ, ಹುಡುಗಿಯ ಕೈಗೆ ಕೊಟ್ಟು, ‘ಏನು ಕಾಣಿಸ್ತಿದೆ ಹೇಳು’ ಅನ್ನುತ್ತಾರೆ. ಅವಳಿಗೆ ತನ್ನ ಮೂಗಿನ ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ಸುತ್ತಲೂ ದೊಡ್ಡವರು ಉಸಿರು ಬಿಗಿಹಿಡಿದು ಕೂತಿದ್ದಾರೆ. ಎಲೆ ಹಿಡಿದ ಕೈ ಬೆವರುತ್ತದೆ, ಕಪ್ಪು ಬೆರಳಿಗೆ ಮೆತ್ತಿಕೊಳ್ಳುತ್ತದೆ. ಕೊನೆಗೆ ಅವಳು ‘ಬಾವಿ ಕಾಣ್ತಿದೆ’ ಎಂದು ಸುಳ್ಳು ಹೇಳುತ್ತಾಳೆ. ಆ ಸುಳ್ಳಿನಿಂದಲೇ ಕತೆ ಹೊತ್ತಿಕೊಳ್ಳುತ್ತದೆ. ನಿಮ್ಮ 23 ಓದುಗರಲ್ಲಿ ಒಬ್ಬರೂ ಈ ಅಧ್ಯಾಯವನ್ನು ಇನ್ನೊಂದು ಪುಸ್ತಕಕ್ಕೆ ಹೋಲಿಸಿಲ್ಲ, ಗಮನಿಸಿದಿರಾ? ಇದನ್ನು ನೀವು ಕಣ್ಣಾರೆ ಕಂಡು ಬರೆದಿದ್ದೀರಿ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ನೀವು ನೋಡದೆ ಬರೆದ ಸಾಲನ್ನು ಹುಡುಕಿ ಕೊಟ್ಟ ಓದುಗರ ಮಾತು ಕೇಳಿ. ಅವರು ಅದನ್ನು ಪ್ರೀತಿಯಿಂದಲೇ ಹೇಳಿರಬೇಕು ಅಂತೇನಿಲ್ಲ. ಕೆಲವರು ಬೈದು ಹೇಳುತ್ತಾರೆ.

ಬೈದು ಹೇಳಿದವರು ನಿಮ್ಮ ಕಟ್ಟಿನಲ್ಲಿ ಒಬ್ಬರಿದ್ದಾರೆ. ನಿವೃತ್ತ ಮೇಷ್ಟ್ರು, ನಾಲ್ಕು ಪುಟ. ಮಕ್ಕಳ ತಲೆಯಲ್ಲಿ ಮೂಢನಂಬಿಕೆ ತುಂಬುತ್ತಿದ್ದೀರಿ ಎಂದಿದ್ದಾರೆ. ಅದರ ಪಕ್ಕ ನೀವು ‘ಇವರಿಗೆ ಫ್ಯಾಂಟಸಿ ಅಂದರೇನು ಅಂತ ಗೊತ್ತಿಲ್ಲ’ ಎಂದು ಗೀಚಿದ್ದೀರಿ. ದಯವಿಟ್ಟು ಅದನ್ನು ಅಳಿಸಿ. ಅವರ ಸಿಟ್ಟಿಗೆ ಈ ನೆಲದಲ್ಲಿ ಬೇರಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು, ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿ ಕಟ್ಟಿದರು. ನಮ್ಮ ರಾಜ್ಯ 2017ರಲ್ಲಿ ವಾಮಾಚಾರದ ವಿರುದ್ಧ ಕಾಯ್ದೆ ತಂದಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಕಾಯ್ದೆಯೇ ಬೇಕಾಯಿತು ಅಂದರೆ ನಮ್ಮಲ್ಲಿ ಮಾಟ ಇನ್ನೂ ಬರೀ ಕತೆ ಆಗಿಲ್ಲ. ಅಮೆರಿಕದಲ್ಲೂ ಇಂಥ ವಿರೋಧ ಇದ್ದೇ ಇದೆ. 2000ರಿಂದ 2009ರವರೆಗೆ ಅಲ್ಲಿ ಗ್ರಂಥಾಲಯ, ಶಾಲೆಗಳಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದದ್ದು ಹ್ಯಾರಿ ಪಾಟರ್ ಸರಣಿ ಎಂದು ಅಮೆರಿಕದ ಗ್ರಂಥಾಲಯ ಸಂಘವೇ ಪಟ್ಟಿ ಮಾಡಿದೆ. ಅಲ್ಲಿ ಜೋರಾಗಿ ದನಿ ಎತ್ತಿದವರಲ್ಲಿ ಧರ್ಮದ ಹೆಸರಿನಲ್ಲಿ ಹೆದರಿದವರು ಬಹಳ. ನಿಮ್ಮ ಮೇಷ್ಟ್ರ ಭಯ ಬೇರೆ. ಅವರು ಮಾಟದ ಹೆಸರಿನಲ್ಲಿ ಮನುಷ್ಯರಿಗೆ ಏನೇನು ಮಾಡುತ್ತಾರೆ ಎಂಬುದನ್ನು ಕಂಡವರು.

ಅವರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ಮಂತ್ರದ ಕತೆ ಓದಿದ ಮಗು ಮಂತ್ರವಾದಿಯ ಮನೆ ಹುಡುಕಿಕೊಂಡು ಹೋಗುವುದಿಲ್ಲ. ನಾವೆಲ್ಲ ಬೇತಾಳನ ಕತೆ ಓದಿಯೇ ಬೆಳೆದವರು. ಆದರೆ ಮೂರನೇ ಪುಟದ ಕೆಳಗೆ ಅವರು ಹೀಗೆ ಬರೆದಿದ್ದಾರೆ: ‘ನಿಮ್ಮ ಖಳನಾಯಕಿ ಊರಾಚೆ ಒಬ್ಬಳೇ ಬದುಕುವ ವಿಧವೆ ಮುದುಕಿ. ಇಂಥ ಹೆಂಗಸರನ್ನೇ ಮಾಟಗಾತಿ ಅಂತ ಹೊಡೆಯುವುದು.’

ಈ ಸಾಲು ಓದಿ ನಾನು ಪುಸ್ತಕ ಕೆಳಗಿಟ್ಟೆ. ನೀವು ಕ್ರೂರಿ ಅಲ್ಲ, ನನಗೆ ಗೊತ್ತು. ಆ ಮುದುಕಿಯನ್ನು ನೀವು ಹುಟ್ಟಿಸಲಿಲ್ಲ. ಅವಳು ಸಾವಿರ ಕತೆಗಳಲ್ಲಿ ಮೊದಲೇ ಇದ್ದಳು. ಕೆದರಿದ ಕೂದಲು, ಒಂದು ಹಲ್ಲು, ಊರಾಚೆಯ ಗುಡಿಸಲು. ಕೈಚಾಚಿದರೆ ಸಿಗುತ್ತಾಳೆ. ಗೂಬೆಯನ್ನು ತಂದು ಕೂರಿಸಿದ ಹಾಗೇ ಇವಳನ್ನೂ ತಂದು ಕೂರಿಸಿದಿರಿ. ಗೂಬೆಯಿಂದ ಯಾರಿಗೂ ನೋವಾಗಲಿಲ್ಲ. ಇವಳಿಂದ ಆಗಬಹುದು.

ಇಂಥದ್ದು ದೊಡ್ಡವರಿಗೂ ಆಗಿದೆ. ಲೆ ಗ್ವಿನ್ ಅವರನ್ನೇ ತಗೊಳ್ಳಿ. ಪ್ರಕಾಶಕರೊಬ್ಬರು ಹದಿಹರೆಯದವರಿಗೆ ಒಂದು ಪುಸ್ತಕ ಬರೆದುಕೊಡಿ ಎಂದಾಗ, ಮಾಂತ್ರಿಕರೆಂದರೆ ಯಾವಾಗಲೂ ಬಿಳಿಗಡ್ಡದ ಮುದುಕರೇ ಯಾಕೆ, ಅವರೂ ಒಂದು ಕಾಲಕ್ಕೆ ಹುಡುಗರಾಗಿರಬೇಕಲ್ಲ ಎಂದು ಯೋಚಿಸಿದರಂತೆ. ಆ ಯೋಚನೆಯಿಂದ ಬಂದದ್ದು ‘ಅರ್ತ್‌ಸೀ’ ಲೋಕ, ನಾಯಕ ಗೆಡ್. ಅವನ ಮೈಬಣ್ಣ ಕೆಂಪು ಬೆರೆತ ಕಂದು. ಅವನ ಆಪ್ತ ಗೆಳೆಯ ಕಪ್ಪು. ಅಂಥ ಕತೆಗಳ ನಾಯಕರೆಲ್ಲ ಬಿಳಿಯರೇ ಆಗಿದ್ದ ಕಾಲದಲ್ಲಿ ಇದನ್ನು ಅವರು ಬೇಕೆಂದೇ ಮಾಡಿದರು. ಆದರೂ ಮುಖಪುಟಗಳಲ್ಲಿ ಗೆಡ್ ಬೆಳ್ಳಗಾಗುತ್ತಲೇ ಹೋದ. 2004ರಲ್ಲಿ ಟಿವಿಗೆ ತಂದವರೂ ಬಿಳಿಯ ನಟನನ್ನೇ ಹಾಕಿಕೊಂಡರು. ಆಗ ಲೆ ಗ್ವಿನ್ ಸಿಟ್ಟಿನಿಂದ ಒಂದು ಲೇಖನ ಬರೆದರು. ಅದರಲ್ಲಿ ಓದುಗರ ಮಾತು ಬರುತ್ತದೆ. ಬಿಳಿಯರಲ್ಲದ ಕೆಲವು ಓದುಗರು, ಈ ಬಗೆಯ ಪುಸ್ತಕಗಳಲ್ಲಿ ನಮಗೂ ಜಾಗ ಇದೆ ಅನ್ನಿಸಿದ್ದು ನಿಮ್ಮದರಲ್ಲಿ ಮಾತ್ರ ಎಂದು ಅವರಿಗೆ ಹೇಳಿದ್ದರಂತೆ. ಅಂಥವರು ತುಂಬಾ ಜನ ಇರಲಿಲ್ಲ, ಆದರೆ ಅವರ ಮಾತು ಮರೆಯಲಾಗಲಿಲ್ಲ ಎನ್ನುತ್ತಾರೆ. ಓದುಗರ ತಲೆ ಎಣಿಸಬೇಡಿ ಎಂದು ನಾನು ನಿಮಗೆ ಹೇಳುವುದು ಇದಕ್ಕೇ.

ಇಷ್ಟು ಎಚ್ಚರದ ಲೇಖಕಿಗೂ ಒಂದು ಕಡೆ ಕಣ್ಣು ತಪ್ಪಿತ್ತು. ರೋಕ್ ಶಾಲೆಗೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ. ಹೆಂಗಸರ ಮಂತ್ರ ದುರ್ಬಲ, ಹೆಂಗಸರ ಮಂತ್ರ ಕೆಟ್ಟದ್ದು ಎಂಬ ಗಾದೆಗಳೇ ಆ ಲೋಕದಲ್ಲಿವೆ. ಗೆಡ್‌ಗೆ ಮೊದಲ ಮಂತ್ರ ಸಿಕ್ಕಿದ್ದು ಯಾರಿಂದ ಗೊತ್ತಾ? ತೀರಿಹೋದ ತಾಯಿಯ ಸೋದರಿಯಿಂದ. ಅವಳು ಹಳ್ಳಿಯ ಮಾಟಗಾತಿ. ಅವಳು ಆಡುಗಳನ್ನು ಕರೆಯುವ ಮಾತನ್ನು ಕೇಳಿಸಿಕೊಂಡು ಅವನೂ ಹೇಳುತ್ತಾನೆ. ಆಡುಗಳೆಲ್ಲ ಬಂದು ಅವನನ್ನು ಮುತ್ತಿಕೊಳ್ಳುತ್ತವೆ, ಬಿಟ್ಟು ಹೋಗುವುದೇ ಇಲ್ಲ. ಎಷ್ಟು ಚೆಂದದ ದೃಶ್ಯ! ಆದರೆ ಕತೆ ಶುರುಮಾಡಿಕೊಟ್ಟ ಆ ಹೆಂಗಸು ಬೇಗ ಹಿಂದೆ ಉಳಿದುಬಿಡುತ್ತಾಳೆ.

1972ಕ್ಕೆ ಮೂರು ಪುಸ್ತಕ ಮುಗಿದವು. ನಾಲ್ಕನೆಯದು, ‘ತೆಹಾನು’, ಬಂದದ್ದು 1990ರಲ್ಲಿ. ಹದಿನೆಂಟು ವರ್ಷ. ಗಂಡಸರ ಪರಂಪರೆಯ ಕಣ್ಣಿನಿಂದಲೇ ತಾನು ಬರೆದುಬಿಟ್ಟಿದ್ದೆ ಎಂದು ಅವರು ಆಮೇಲೆ ಬಾಯಿಬಿಟ್ಟು ಹೇಳಿದರು. ಹಳೆಯ ಪುಸ್ತಕವನ್ನು ತಿದ್ದಲು ಹೋಗಲಿಲ್ಲ. ಅದೇ ಲೋಕದ ಇನ್ನೊಂದು ಬಾಗಿಲು ತೆರೆದರು. ಈ ಸಲ ನಡುವಯಸ್ಸು ದಾಟುತ್ತಿರುವ ಒಬ್ಬ ವಿಧವೆ, ತನ್ನವರೇ ಬೆಂಕಿಗೆ ತಳ್ಳಿದ ಒಂದು ಮಗು, ಹಳ್ಳಿಯ ಮಾಟಗಾತಿ ಮುದುಕಿ ಎದುರಿಗೆ ಬಂದರು. ಗೆಡ್ ಶಕ್ತಿಯನ್ನೆಲ್ಲ ಕಳೆದುಕೊಂಡು ಬಂದು ಆಡು ಕಾಯುತ್ತಾನೆ. ಹಲವು ಓದುಗರಿಗೆ ಸಿಟ್ಟು ಬಂತು. ನಮ್ಮ ಮಹಾಮಾಂತ್ರಿಕನನ್ನು ಹೀಗೆ ಮಾಡಿದಿರಲ್ಲ ಎಂದರು. ಅವರಿಗಾಗಿ ಲೆ ಗ್ವಿನ್ ಗೆಡ್‌ಗೆ ಶಕ್ತಿ ವಾಪಸ್ ಕೊಡಲಿಲ್ಲ. 2001ರಲ್ಲಿ ಮತ್ತೆ ಎರಡು ಪುಸ್ತಕ ಬಂದಾಗಲೂ ಕೊಡಲಿಲ್ಲ.

ನಿಮ್ಮ ನಾಯಕಿ ಕೊನೆಯಲ್ಲಿ ಮಂತ್ರವನ್ನು ಮರೆಯುತ್ತಾಳೆ. ಮೂವರು ಓದುಗರು ‘ಇದು ಮೋಸ, ಮುಂದಿನ ಭಾಗದಲ್ಲಿ ನೆನಪು ಬರಲಿ’ ಎಂದು ಬೇಡಿಕೆ ಇಟ್ಟಿದ್ದಾರೆ. ಅವರ ನೋವು ನಿಜ, ನಿಮ್ಮ ಹುಡುಗಿಯನ್ನು ಅವರು ಅಷ್ಟು ಹಚ್ಚಿಕೊಂಡಿದ್ದಾರೆ. ಆದರೆ ಆ ಮರೆವನ್ನು ನೀವು ಕಣ್ಣುಬಿಟ್ಟು ಬರೆದಿದ್ದೀರಿ, ಪ್ರತಿ ಸಾಲಿನಲ್ಲೂ ಅದು ಕಾಣುತ್ತದೆ. ಅದನ್ನು ಬಿಟ್ಟುಕೊಡಬೇಡಿ.

ನನ್ನದೂ ಒಂದು ಹೇಳಬೇಕು. ತುಂಬಾ ವರ್ಷಗಳ ಹಿಂದೆ ನಾನೂ ಮಕ್ಕಳಿಗಾಗಿ ಇಂಥದ್ದೇ ಒಂದು ಕತೆ ಬರೆದಿದ್ದೆ. ಅದರ ಹುಡುಗಿಗೆ ಮಳೆ ಕರೆಯುವ ಮಂತ್ರ ಗೊತ್ತು, ಒಣಗಿದ ಮರ ಚಿಗುರಿಸುವುದು ಗೊತ್ತು. ಹಾಸನದ ಕಡೆ ಒಂದು ಹಳ್ಳಿ ಶಾಲೆಯಲ್ಲಿ ಮಕ್ಕಳ ಜೊತೆ ಮಾತಾಡಲು ಕರೆದಿದ್ದರು. ಮಧ್ಯಾಹ್ನದ ಊಟ ಆಗಿತ್ತು. ಎಂಟನೇ ಕ್ಲಾಸಿನ ಒಬ್ಬಳು ಎದ್ದು ನಿಂತಳು. ಕೈಯಲ್ಲಿ ನೋಟ್‌ಬುಕ್, ಅದರಲ್ಲಿ ಪ್ರಶ್ನೆ ಬರೆದುಕೊಂಡು ಬಂದಿದ್ದಳು. ‘ಅವಳಿಗೆ ಅಷ್ಟೆಲ್ಲ ಮಂತ್ರ ಗೊತ್ತಿತ್ತಲ್ಲ, ಮತ್ತೆ ಅವಳ ಅಮ್ಮನ ಕಾಲುನೋವು ಯಾಕೆ ವಾಸಿ ಮಾಡಲಿಲ್ಲ?’

ನನ್ನ ಕತೆಯ ಮೊದಲ ಪುಟದಲ್ಲಿ ಅಮ್ಮ ಕುಂಟುತ್ತಾ ನೀರು ತರುತ್ತಾಳೆ. ಬಡತನ ತೋರಿಸಲು ಬರೆದ ಸಾಲು. ಆಮೇಲೆ ಆ ಕಾಲನ್ನು ನಾನು ಮರೆತೇಬಿಟ್ಟಿದ್ದೆ. ಅವಳು ಮರೆತಿರಲಿಲ್ಲ. ನಾನು ‘ಅದು ಕತೆ ಪುಟ್ಟಾ, ಅಷ್ಟೇ’ ಎಂದೆ. ಎಲ್ಲರೂ ನಕ್ಕರು. ಅವಳು ನೋಟ್‌ಬುಕ್ ಮುಚ್ಚಿ ಕೂತಳು, ಕಾರ್ಯಕ್ರಮ ಮುಗಿಯುವವರೆಗೆ ಮತ್ತೆ ತೆರೆಯಲಿಲ್ಲ. ಅವಳ ಮನೆಯಲ್ಲಿ ಯಾರ ಕಾಲು ನೋಯುತ್ತಿತ್ತೋ. ಕೇಳಬೇಕಿತ್ತು. ಕೇಳಲಿಲ್ಲ. ಆ ತಪ್ಪು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅಲ್ಲಿಂದೀಚೆಗೆ ಮಂತ್ರ ಬರುವ ಯಾವ ಕತೆ ಬರೆದರೂ ನಾನು ಮೊದಲು ಕೇಳಿಕೊಳ್ಳುವುದು, ಈ ಮಂತ್ರಕ್ಕೆ ಏನು ಆಗುವುದಿಲ್ಲ, ಯಾಕೆ ಆಗುವುದಿಲ್ಲ ಎಂದು.

ನಿಮ್ಮ ಕಟ್ಟಿನ ಕೊನೆಯ ಹಾಳೆಗೆ ಬಂದೆ. ಗೆರೆಯ ಕಾಗದ, ಪೆನ್ಸಿಲ್ ಅಕ್ಷರ. ಆರನೇ ಕ್ಲಾಸಿನ ಹುಡುಗಿ. ನೀವು ಇದಕ್ಕೆ ಒಂದು ಟಿಕ್ ಹಾಕಿ ಬಿಟ್ಟಿದ್ದೀರಿ, ಚಿಕ್ಕದು ಅಂತ ಇರಬೇಕು. ಅವಳು ಬರೆದಿರುವುದು ಎರಡೇ ಸಾಲು. ‘ನಾಯಿಗೂ ಹೆಸರಿದೆ, ದೋಣಿಗೂ ಹೆಸರಿದೆ. ಊರಾಚೆ ಇರೋ ಆ ಅಜ್ಜಿ ಹೆಸರೇನು?’

ಅರ್ತ್‌ಸೀಯಲ್ಲಿ ಮಂತ್ರ ಅಂದರೇ ಹೆಸರು. ಒಂದು ವಸ್ತುವಿನ, ಒಬ್ಬ ಮನುಷ್ಯನ ನಿಜವಾದ ಹೆಸರು ಗೊತ್ತಿದ್ದವರಿಗೇ ಶಕ್ತಿ. ಈ ಹುಡುಗಿ ಅದನ್ನೆಲ್ಲ ಓದಿರಲಾರಳು. ನಾನು ನಿಮ್ಮ 212 ಪುಟಗಳನ್ನೂ ಮತ್ತೆ ಹುಡುಕಿದೆ. ‘ಮುದುಕಿ’ ಇದೆ, ‘ಮಾಟಗಾತಿ’ ಇದೆ, ‘ಅವಳು’ ಇದೆ. ಹೆಸರಿಲ್ಲ.

ಎರಡನೇ ಮುದ್ರಣಕ್ಕೆ ಫೈಲು ಕೊಡಬೇಕು ಎಂದಿದ್ದೀರಲ್ಲ, ಅದಕ್ಕೆ ಮೊದಲು ಈ ಹುಡುಗಿಗೆ ಉತ್ತರ ಬರೆಯಿರಿ. ಹೆಸರು ಗೊತ್ತಾದ ಮೇಲೆ ನನಗೂ ಒಂದು ಕಾರ್ಡು ಹಾಕಿ.

ಪ್ರೀತಿಯಿಂದ,
ನಿಮ್ಮ ಹಿರಿಯ ಓದುಗ ಸ್ನೇಹಿತ