ಗೆಳೆಯನಿಗೊಂದು ಪತ್ರ: ರೈಲು ಬಾರದ ನಿಕೊಡೀಮಸ್

ಪ್ರಿಯ ಗೆಳೆಯ,

ಕಳೆದ ಸಲ ಫೋನಿನಲ್ಲಿ ನಾನು ನಿಕೊಡೀಮಸ್ ಎಂಬ ಊರಿಗೆ ಹೋಗಿ ಬಂದೆನೆಂದು ಹೇಳಿದಾಗ, ಬೆರಳೆಣಿಕೆಯಷ್ಟು ಜನರಿರುವ ಊರಿನಲ್ಲಿ ನೋಡುವಂಥದ್ದು ಏನಿದೆ ಎಂದು ನೀನು ಕೇಳಿದ್ದೆ. ಆಗ ನನಗೆ ಸರಿಯಾಗಿ ಹೇಳಲಾಗಲಿಲ್ಲ. ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಪತ್ರ ಬರೆಯುತ್ತಿದ್ದೇನೆ.

ಅಮೆರಿಕದ ಕಾನ್ಸಾಸ್ ರಾಜ್ಯದ ವಾಯವ್ಯ ಮೂಲೆಯತ್ತ, ಗ್ರಹಾಂ ಕೌಂಟಿಯಲ್ಲಿ, ಸೊಲೊಮನ್ ನದಿಯ ದಕ್ಷಿಣ ಕವಲಿಗೆ ಸಮೀಪದಲ್ಲಿ, 24ನೆಯ ಹೆದ್ದಾರಿಯ ಪಕ್ಕಕ್ಕೆ ಈ ಊರಿದೆ. ಸುತ್ತಲೂ ಗೋಧಿಯ ಹೊಲಗಳು, ಹುಲ್ಲುಬಯಲು, ಎತ್ತ ನೋಡಿದರೂ ಬಾನಂಚು. ಅಮೆರಿಕದ ಅಂತರ್ಯುದ್ಧ ಮುಗಿದ 1865ರಿಂದ 1877ರವರೆಗಿನ ಪುನರ್ನಿರ್ಮಾಣದ ಕಾಲದಲ್ಲಿ ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಕಪ್ಪು ಜನರು ಕಟ್ಟಿಕೊಂಡ ಊರುಗಳು ಹಲವಿದ್ದವು. ಅವುಗಳಲ್ಲಿ ಇಂದಿಗೂ ಉಳಿದಿರುವುದು ಇದೊಂದೇ.

ಊರು ಹುಟ್ಟಿದ್ದು 1877ರಲ್ಲಿ. ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡು ಹನ್ನೆರಡು ವರ್ಷಗಳಾಗಿದ್ದರೂ, ಕೆಂಟಕಿ ರಾಜ್ಯದಲ್ಲಿ ಬಿಡುಗಡೆ ಹೊಂದಿದವರಲ್ಲಿ ಬಹುಪಾಲು ಮಂದಿಯ ಕೈಗೆ ತುಂಡು ನೆಲವೂ ಬಂದಿರಲಿಲ್ಲ. ಹಳೆಯ ಒಡೆಯರ ಹೊಲದಲ್ಲಿಯೇ ಕೂಲಿಗೋ ಪಾಲಿಗೋ ದುಡಿಯಬೇಕಿತ್ತು, ರಾತ್ರಿಯಾದರೆ ಬಿಳಿಯರ ಗುಂಪುಗಳ ಹಲ್ಲೆಯ ಭಯ ಬೇರೆ. ಅದೇ ವರ್ಷ ಕೇಂದ್ರ ಸರ್ಕಾರವು ದಕ್ಷಿಣದ ರಾಜ್ಯಗಳಲ್ಲಿ ಇವರ ರಕ್ಷಣೆಗೆ ನಿಂತಿದ್ದ ಕೊನೆಯ ಸೈನ್ಯವನ್ನೂ ಹಿಂದಕ್ಕೆ ಕರೆಸಿಕೊಂಡಿತು. ಕಾನ್ಸಾಸ್‌ನಲ್ಲಾದರೋ 1862ರ ಹೋಮ್‌ಸ್ಟೆಡ್ ಕಾಯಿದೆಯಂತೆ ಐದು ವರ್ಷ ನಿಂತು ಉಳುಮೆ ಮಾಡಿದವರಿಗೆ 160 ಎಕರೆ ಜಮೀನು ಸ್ವಂತವಾಗುತ್ತಿತ್ತು. ಡಬ್ಲ್ಯೂ. ಎಚ್. ಸ್ಮಿತ್ ಎಂಬ ಕಪ್ಪು ಪಾದ್ರಿಯೂ ಡಬ್ಲ್ಯೂ. ಆರ್. ಹಿಲ್ ಎಂಬ ಬಿಳಿಯ ಭೂವ್ಯವಹಾರಿಯೂ ಸೇರಿ ಊರು ಕಟ್ಟುವ ಕಂಪನಿಯೊಂದನ್ನು ಸ್ಥಾಪಿಸಿದರು. ಸ್ಮಿತ್ ಅದರ ಅಧ್ಯಕ್ಷ. ಫಲವತ್ತಾದ ನೆಲ, ಒಳ್ಳೆಯ ನೀರು ಎಂದು ಕರಪತ್ರಗಳು ಕೆಂಟಕಿಯ ಚರ್ಚುಗಳಲ್ಲಿ ಹಂಚಿಕೆಯಾದವು. ಆ ವರ್ಷದ ಸೆಪ್ಟೆಂಬರಿನಲ್ಲಿ ಜಾರ್ಜ್‌ಟೌನ್ ಕಡೆಯಿಂದ ಮುನ್ನೂರರಷ್ಟು ಜನ ಗಂಟುಮೂಟೆ ಕಟ್ಟಿಕೊಂಡು ಹೊರಟರು.

ಮುಂದಿನ ವಸಂತದಲ್ಲಿ ಬಂದ ಇನ್ನೊಂದು ತಂಡದಲ್ಲಿದ್ದ ವಿಲಿಯಾನಾ ಹಿಕ್‌ಮನ್ ಎಂಬ ಹೆಣ್ಣುಮಗಳು ಮುಪ್ಪಿನಲ್ಲಿ ಹೇಳಿದ ನೆನಪುಗಳು ಉಳಿದಿವೆ. ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಅದೇ ಭಾಗ. ಅವರು ರೈಲಿನಲ್ಲಿ ಬಂದದ್ದು ಎಲ್ಲಿಸ್ ಎಂಬ ಊರಿನವರೆಗೆ ಮಾತ್ರ. ಅಲ್ಲಿ ಇಳಿಯುವ ಹೊತ್ತಿಗೆ ಮಕ್ಕಳಿಗೆ ದಡಾರ ಹರಡಿತು. ಕೆಲವು ಮಕ್ಕಳು ಅಲ್ಲಿಯೇ ತೀರಿಕೊಂಡರು. ಉಳಿದವರು ಬಂಡಿಗಳನ್ನು ಹೂಡಿಕೊಂಡು, ರಸ್ತೆಯೇ ಇಲ್ಲದ ಬಯಲಿನಲ್ಲಿ ದಿಕ್ಸೂಚಿಯನ್ನೂ ಜಿಂಕೆ, ಕಾಡೆಮ್ಮೆಗಳು ತುಳಿದ ಜಾಡನ್ನೂ ನಂಬಿ, ಐವತ್ತೈದು ಕಿಲೋಮೀಟರಿನಷ್ಟು ದೂರವನ್ನು ಎರಡು ದಿನಗಳಲ್ಲಿ ಕ್ರಮಿಸಿದರು. ಕೊನೆಗೆ ಗಂಡಸರು "ಅದೋ ನಿಕೊಡೀಮಸ್" ಎಂದು ಕೂಗಿದಾಗ ಆಕೆ ಎಷ್ಟು ಕಣ್ಣಗಲಿಸಿ ನೋಡಿದರೂ ಒಂದು ಮನೆಯೂ ಕಾಣಲಿಲ್ಲವಂತೆ. ಊರೆಲ್ಲಿದೆ ಎಂದು ಕೇಳಿದ್ದಕ್ಕೆ ಗಂಡ ನೆಲದಿಂದ ಏಳುತ್ತಿದ್ದ ಹೊಗೆಯನ್ನು ತೋರಿಸಿದ. ಆಕೆ ಅಳತೊಡಗಿದಳು.

ಆ ಹೊಗೆ ಬರುತ್ತಿದ್ದುದು ಗುಳಿಮನೆಗಳಿಂದ. ಮರವೇ ಇಲ್ಲದ ಸೀಮೆಯಲ್ಲಿ ತೊಲೆ, ಹಲಗೆಗಳನ್ನು ಎಲ್ಲಿಂದ ತರುವುದು? ದಿಬ್ಬದ ಮಗ್ಗುಲನ್ನು ಅಗೆದು ಒಂದು ಕೋಣೆಯಷ್ಟು ಜಾಗ ಮಾಡಿ, ಹೊಳೆಯಂಚಿನಲ್ಲಿ ಸಿಕ್ಕ ಕೊಂಬೆಗಳನ್ನು ಮೇಲೆ ಅಡ್ಡ ಹಾಸಿ, ಬೇರುಸಮೇತ ಕೆತ್ತಿ ತೆಗೆದ ಹುಲ್ಲಿನ ಹೆಂಟೆಗಳನ್ನು ಅದರ ಮೇಲೆ ಹೊದಿಸುತ್ತಿದ್ದರು. ಮಳೆ ಬಂದರೆ ಸೂರಿನಿಂದ ಕೆಸರು ಸುರಿಯುತ್ತಿತ್ತು. ನೇಗಿಲು, ಕುದುರೆಗಳು ಎಲ್ಲರಿಗೂ ಇರಲಿಲ್ಲವಾದ್ದರಿಂದ ಹಲವರು ಗುದ್ದಲಿ ಹಿಡಿದೇ ನೆಲ ಹದ ಮಾಡಿದರು. ಅಂಥ ಮೊದಲ ಚಳಿಗಾಲದಲ್ಲಿ ಕಾಳುಕಡಿ ಮುಗಿದಿದ್ದಾಗ, ಬೇಟೆಯಿಂದ ಮರಳುತ್ತಿದ್ದ ಓಸೇಜ್ ಎಂಬ ಮೂಲನಿವಾಸಿ ಬುಡಕಟ್ಟಿನವರು ತಮ್ಮ ಮಾಂಸದಲ್ಲಿ ಪಾಲು ಕೊಟ್ಟು ಇವರ ಜೀವ ಉಳಿಸಿದರೆಂದು ಊರಿನವರು ಇಂದಿಗೂ ನೆನೆಯುತ್ತಾರೆ. ತಮ್ಮ ನೆಲ ಕಳೆದುಕೊಂಡವರು, ನೆಲ ಅರಸಿ ಬಂದವರಿಗೆ ಅನ್ನ ಕೊಟ್ಟರು. ಆ ಸಾಲನ್ನು ಬರೆಯುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಬಂದವರಲ್ಲಿ ಅರವತ್ತರಷ್ಟು ಕುಟುಂಬಗಳು ಊರನ್ನು ಕಂಡ ಕೂಡಲೇ ಮರಳಿದವು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ನಿಂತವರು ಮಾತ್ರ ಹತ್ತೇ ವರ್ಷಗಳಲ್ಲಿ ಗುಳಿಗಳಿಂದ ಮೇಲೆದ್ದು ಸುಣ್ಣಕಲ್ಲಿನ, ಮರದ ಮನೆಗಳನ್ನು ಕಟ್ಟಿಕೊಂಡರು. ಜೆನ್ನಿ ಫ್ಲೆಚರ್ ಎಂಬಾಕೆ ತನ್ನ ಮನೆಯಲ್ಲಿಯೇ ಮಕ್ಕಳಿಗೆ ಪಾಠ ಹೇಳಲು ಆರಂಭಿಸಿದಳು. ಅವಳ ಗಂಡ ಜ್ಯಾಕರಿ ಅಂಚೆ ಕಚೇರಿಯನ್ನೂ 1881ರ ಸುಮಾರಿಗೆ ಸೇಂಟ್ ಫ್ರಾನ್ಸಿಸ್ ಹೋಟೆಲನ್ನೂ ನಡೆಸಿದ. 1878ರಲ್ಲಿ ಇಲ್ಲಿಗೆ ಬಂದ ಎಡ್ವರ್ಡ್ ಮೆಕ್‌ಕೇಬ್ 1882ರಲ್ಲಿ ಕಾನ್ಸಾಸ್ ರಾಜ್ಯದ ಲೆಕ್ಕಪರಿಶೋಧಕನಾಗಿ ಚುನಾಯಿತನಾದ. ಹುಲ್ಲಿನ ಸೂರಿನಡಿಯ ಊರಿನಿಂದ ರಾಜ್ಯಮಟ್ಟದ ಪದವಿಗೆ ಐದೇ ವರ್ಷ. 1880ರ ದಶಕದ ಕೊನೆಯ ಹೊತ್ತಿಗೆ ಇಲ್ಲಿ ಅಂಗಡಿಗಳು, ಚರ್ಚುಗಳು ಮಾತ್ರವಲ್ಲ, ಎರಡು ವೃತ್ತಪತ್ರಿಕೆಗಳೂ ಇದ್ದವು.

ಆಮೇಲೆ ರೈಲಿನ ಮಾತು ಬಂತು. ಆ ಕಾಲದ ಬಯಲುಸೀಮೆಯಲ್ಲಿ ಹಳಿಯ ಪಕ್ಕದ ಊರು ಬೆಳೆಯುತ್ತಿತ್ತು, ಉಳಿದದ್ದು ಸೊರಗುತ್ತಿತ್ತು. ಮಿಸೂರಿ ಪೆಸಿಫಿಕ್ ಕಂಪನಿಯ ಹಳಿ ತಮ್ಮೂರಿನ ಮೇಲೆ ಹಾಯಲೆಂದು 1887ರಲ್ಲಿ ಇಲ್ಲಿಯ ಜನ ಹದಿನಾರು ಸಾವಿರ ಡಾಲರುಗಳ ಸಾಲಪತ್ರಕ್ಕೆ ಮತ ಹಾಕಿದರು. ಹತ್ತು ವರ್ಷಗಳ ಹಿಂದೆ ಗುದ್ದಲಿಯಿಂದ ಉತ್ತವರು ಅಷ್ಟು ದೊಡ್ಡ ಹೊಣೆ ಹೊರಲು ಮುಂದಾದರೆಂಬುದನ್ನು ಯೋಚಿಸು. ಆ ಹಳಿ ಬರಲೇ ಇಲ್ಲ. ಯೂನಿಯನ್ ಪೆಸಿಫಿಕ್ ಹಾಕಿದ ಹಳಿಯೂ 1888ರಲ್ಲಿ ನದಿಯ ಆಚೆ ದಡದಲ್ಲಿ, ಕೆಲವೇ ಮೈಲಿ ದೂರದಲ್ಲಿ ಹಾದುಹೋಯಿತು. ಅಂಗಡಿಕಾರರು ಒಬ್ಬೊಬ್ಬರಾಗಿ ನದಿ ದಾಟಿ ಹಳಿಯ ಬಳಿಗೆ ಹೋದರು, ಅಲ್ಲಿ ಬೋಗ್ ಎಂಬ ಹೊಸ ಊರು ಎದ್ದಿತು. ನಿಕೊಡೀಮಸ್ಸಿನ ಪೇಟೆ ಬರಿದಾಯಿತು. ಆದರೆ ಹೊಲಗಳನ್ನು ನದಿಯಾಚೆಗೆ ಒಯ್ಯಲಾಗುವುದಿಲ್ಲವಷ್ಟೆ; ರೈತರು ನಿಂತರು, ಅವರೊಂದಿಗೆ ಚರ್ಚು, ಶಾಲೆಗಳೂ ನಿಂತವು.

1930ರ ದಶಕದ ಬರವೂ ಧೂಳಿನ ಬಿರುಗಾಳಿಯೂ ಅವರಲ್ಲಿ ಬಹಳ ಮಂದಿಯನ್ನು ಕದಲಿಸಿದವು. 1953ರಲ್ಲಿ ಅಂಚೆ ಕಚೇರಿ ಮುಚ್ಚಿತು, 1960ರಲ್ಲಿ ಶಾಲೆ. ಈಗ ಅಲ್ಲಿ ನೋಡಲು ಸಿಗುವುದು ಐದು ಹಳೆಯ ಕಟ್ಟಡಗಳು: ಎರಡು ಚರ್ಚು, ಹೋಟೆಲು, 1918ರ ಶಾಲೆ, ಮತ್ತು 1939ರಲ್ಲಿ ಸರ್ಕಾರದ ಉದ್ಯೋಗ ಯೋಜನೆಯಡಿ ಸ್ಥಳೀಯ ಸುಣ್ಣಕಲ್ಲಿನಲ್ಲಿ ಕಟ್ಟಿದ ಟೌನ್‌ಶಿಪ್ ಹಾಲ್. ಇವೆಲ್ಲ ಸೇರಿ 1996ರಿಂದ ರಾಷ್ಟ್ರೀಯ ಚಾರಿತ್ರಿಕ ತಾಣವಾಗಿವೆ. ಹಾಲ್‌ನ ಕಲ್ಲಿನ ಗೋಡೆಯ ಮೇಲೆ ಕೈಯಿಟ್ಟೆ. ಬಿಸಿಲಿಗೆ ಕಾದು ಬೆಚ್ಚಗಿತ್ತು, ಮೇಲ್ಮೈ ತರಿತರಿಯಾಗಿತ್ತು.

ಇದನ್ನು ಪಾಳುಬಿದ್ದ ಊರೆಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ವೆಸ್ಟ್ ಇಂಡೀಸಿನ ಗುಲಾಮರಿಗೆ 1834ರ ಆಗಸ್ಟ್ 1ರಂದು ದೊರೆತ ಬಿಡುಗಡೆಯ ನೆನಪಿಗೆ ಇಲ್ಲಿಯ ಹಿರಿಯರು ವರ್ಷವರ್ಷವೂ ಹಬ್ಬ ಮಾಡುತ್ತಿದ್ದರು. ಅದು ಇಂದಿಗೂ ನಿಂತಿಲ್ಲ. ಈಗ ಜುಲೈ ತಿಂಗಳ ಕೊನೆಯ ವಾರಾಂತ್ಯದಲ್ಲಿ ಅದು ಊರಿಗೆ ಮರಳುವವರ ಹಬ್ಬವಾಗಿ ನಡೆಯುತ್ತದೆ. ಡೆನ್ವರ್, ಕಾನ್ಸಾಸ್ ಸಿಟಿ, ಕ್ಯಾಲಿಫೋರ್ನಿಯಾ ಎನ್ನದೆ ನೂರಾರು ಜನ ವಂಶಜರು, ಅಲ್ಲಿ ಎಂದೂ ವಾಸವಿರದ ಮೊಮ್ಮಕ್ಕಳನ್ನೂ ಕರೆದುಕೊಂಡು, ನಮ್ಮ ಕಡೆ ದುಡಿಯಲು ಹೋದವರು ಊರ ಜಾತ್ರೆಗೆ ಬರುವಂತೆ ಬರುತ್ತಾರೆ. ಮೆರವಣಿಗೆ ಇರುತ್ತದೆ, ಪ್ರಾರ್ಥನೆ ಇರುತ್ತದೆ, ಒಟ್ಟಿಗೆ ಊಟ ಇರುತ್ತದೆ. ಜನಗಣತಿ ಮಾಡುವವರು ಆ ವಾರಾಂತ್ಯದಲ್ಲಿ ಬರುವುದಿಲ್ಲ, ಆದ್ದರಿಂದ ಅವರ ಲೆಕ್ಕದಲ್ಲಿ ಊರು ಅಷ್ಟು ಚಿಕ್ಕದು.

ನಾನು ಹೋದದ್ದು ಮೇ ತಿಂಗಳಿನಲ್ಲಿ, ಬೀದಿಯಲ್ಲಿ ಯಾರೂ ಇರಲಿಲ್ಲ. ಮುಂದಿನ ವರ್ಷ ನೀನು ಮಗಳ ಮನೆಗೆ ಬರುವುದು ಖಚಿತವಾದರೆ ಪ್ರಯಾಣವನ್ನು ಜುಲೈ ಕೊನೆಗೆ ಹೊಂದಿಸಿಕೋ. ಎಲ್ಲಿಸ್‌ನಲ್ಲಿ ಒಂದು ರಾತ್ರಿ ತಂಗಿ, ಬೆಳಿಗ್ಗೆ ಅಲ್ಲಿಂದ ಉತ್ತರಕ್ಕೆ ಹೊರಡೋಣ. ಅವರಿಗೆ ಎರಡು ದಿನ ಹಿಡಿದ ದಾರಿ ನಮಗೆ ಒಂದು ಗಂಟೆಯೊಳಗೆ ಮುಗಿಯುತ್ತದೆ.

ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ